ಕಾಂಗ್ ಯಾತ್ಸೆಗೆ ದುಡ್ಡು ಕಟ್ಟೋ ಮುಂಚೆ ಇದನ್ನು ಓದಿ

ಲಡಾಖಿನ ಕಾಂಗ್ ಯಾತ್ಸೆ 2 ಹತ್ತೋಕೆ ಬೆಂಗಳೂರಿನ ಯಾವುದಾದರೂ ಕಂಪನಿಗೆ ಅಡ್ವಾನ್ಸ್ ಕಟ್ಟುವ ಯೋಚನೆ ಇದ್ದರೆ ಸ್ವಲ್ಪ ತಡೆಯಿರಿ. 2020ರಲ್ಲಿ ಅಲ್ಲಿನ ಇನ್ನೊಂದು ಶಿಖರ ಸ್ಟೋಕ್ ಕಾಂಗ್ರಿಯನ್ನು ಹತ್ತುವವರಿಗೆ ಮುಚ್ಚಿದ ಮೇಲೆ ಆರು ಸಾವಿರ ಮೀಟರ್ ದಾಟುವ ಆಸೆ ಇರುವವರೆಲ್ಲ ಇದರ ಹಿಂದೆ ಬಿದ್ದಿದ್ದಾರೆ. ಕಂಪನಿಯವರಿಗೂ ಅದೇ ಬೇಕು. 6,250 ಮೀಟರ್ ಬೆಟ್ಟವನ್ನು "ಟೆಕ್ನಿಕಲ್ ಏನಿಲ್ಲ, ಸುಮ್ನೆ ನಡೆಯೋದು" ಅಂತ ಮಾರುತ್ತಾರೆ. ಸುಮ್ನೆ ನಡೆಯುತ್ತಲೇ ನಾನು ಕ್ರೆವಾಸ್ ಒಳಗೆ, ಅಂದರೆ ಹಿಮನದಿಯ ಆಳವಾದ ಬಿರುಕಿನೊಳಗೆ ಹೋದೆ.

ನನಗೆ ಕಳಿಸಿದ ಪಿಡಿಎಫ್‌ನಲ್ಲಿ "ಪೂರ್ತಿ ಒಂದು ದಿನ ಗ್ಲೇಸಿಯರ್ ಟ್ರೈನಿಂಗ್, ಕ್ರೆವಾಸ್ ರೆಸ್ಕ್ಯೂ ಪ್ರಾಕ್ಟೀಸ್ ಸಮೇತ" ಅಂತ ದಪ್ಪ ಅಕ್ಷರದಲ್ಲಿತ್ತು. ಅದನ್ನು ನೋಡಿಯೇ ಜಾಸ್ತಿ ದುಡ್ಡು ಕೊಟ್ಟಿದ್ದು. ಬೇಸ್ ಕ್ಯಾಂಪಲ್ಲಿ ಆಗಿದ್ದೇನು? ಹಿಮವೇ ಇಲ್ಲದ ಕಲ್ಲುರಾಶಿ ಮೇಲೆ ಹಾರ್ನೆಸ್ (ಹಗ್ಗ ಸಿಕ್ಕಿಸೋಕೆ ಸೊಂಟ, ತೊಡೆಗೆ ಕಟ್ಟುವ ಪಟ್ಟಿ) ಹಾಕಿಸಿದರು. ಟೆಂಟ್ ಹಗ್ಗಕ್ಕೆ ಒಂದು ಪ್ರೂಸಿಕ್ ಗಂಟು ಹಾಕಿ ತೋರಿಸಿದರು. ಹಗ್ಗದ ಸುತ್ತ ದಾರದಲ್ಲಿ ಹಾಕೋ ಗಂಟು ಅದು, ಭಾರ ಬಿದ್ದರೆ ಕಚ್ಚುತ್ತೆ, ಭಾರ ತೆಗೆದರೆ ಸರಿಯುತ್ತೆ. ಐಸ್ ಆಕ್ಸ್ ಎತ್ತಿ ಹಿಡಿಸಿ ಒಬ್ಬೊಬ್ಬರದೂ ಫೋಟೋ. ಮುಗೀತು, ಊಟಕ್ಕೆ ಬನ್ನಿ. ಹಗ್ಗದಲ್ಲಿ ನೇತಾಡಿ ಹತ್ತೋದು ಯಾವಾಗ ಅಂತ ಕೇಳಿದರೆ ಗೈಡ್ ನಕ್ಕ. "ಅದು ಅಡ್ವಾನ್ಸ್ ಕೋರ್ಸಲ್ಲಿ ಮೇಡಂ, ಇಲ್ಲಿ ಬೇಕಾಗಲ್ಲ."

ಇಳಿಯುವಾಗ ಬಿಸಿಲೇರಿತ್ತು. ಹಿಮ ಮೆತ್ತಗಾಗಿ ಕಾಲು ಹೂತುಕೊಳ್ಳುತ್ತಿತ್ತು. ಎಲ್ಲರೂ ಒಂದೇ ಹಗ್ಗಕ್ಕೆ ಕಟ್ಟಿಕೊಂಡು ನಡೆಯುವಾಗ ಇಬ್ಬರ ನಡುವೆ 10-15 ಮೀಟರ್ ಇರಬೇಕು. ಒಬ್ಬರು ಬಿದ್ದರೆ ಉಳಿದವರಿಗೆ ತಡೆಯೋಕೆ ಜಾಗ ಸಿಗಬೇಕಲ್ವಾ? ನಮ್ಮನ್ನು ಮೂರು ಮೀಟರಿಗೊಬ್ಬರಂತೆ ಕಟ್ಟಿದ್ದರು, ಬೇಗ ಬೇಗ ಇಳಿಸೋಕೆ. ಕಾಲ ಕೆಳಗಿನ ಹಿಮ ಹಾಗೇ ಕುಸಿಯಿತು. ನನ್ನ ಹಿಂದಿದ್ದವರು ಜಾರಿಕೊಂಡು ಬಂದು ಅಂಚಿನಲ್ಲಿ ನಿಂತರು. ಇನ್ನೊಂದು ಮಾರು ಜಾರಿದ್ದರೆ ಅವರೂ ನನ್ನ ತಲೆ ಮೇಲೆಯೇ.

ಒಳಗೆ ನೀಲಿ ಗೋಡೆ, ತೊಟ್ಟಿಕ್ಕುವ ನೀರು, ಕತ್ತಿನೊಳಗೆಲ್ಲ ಹಿಮ. ಅವರೇ ಹಾರ್ನೆಸ್‌ಗೆ ಸಿಕ್ಕಿಸಿದ್ದ ಪ್ರೂಸಿಕ್ ದಾರ ತೆಗೆದು ಗಂಟು ಹಾಕಿದೆ. ಭಾರ ಬಿಟ್ಟೆ, ಸರ್ರನೆ ಜಾರಿತು. ಇನ್ನೊಂದು ಸುತ್ತು ಹಾಕಿದೆ. ಮತ್ತೆ ಜಾರಿತು. ನೋಡಿದರೆ ದಾರ ಹೆಚ್ಚುಕಮ್ಮಿ ಹಗ್ಗದಷ್ಟೇ ದಪ್ಪ! ಹಗ್ಗಕ್ಕಿಂತ ಸಾಕಷ್ಟು ತೆಳ್ಳಗಿದ್ದರೇ ಅದು ಕಚ್ಚಿ ಹಿಡಿಯೋದು. 6 ಮಿಲಿಮೀಟರಿನದು ಕೊಡಬೇಕಿತ್ತು. ಅಷ್ಟರಲ್ಲಿ ಮೇಲೆ ಹಿಂದಿಯಲ್ಲಿ ಮಾತು ಕೇಳಿಸಿತು. ಪುಲ್ಲಿ (ಹಗ್ಗ ಎಳೆಯೋ ರಾಟೆ) ಯಾರ ಹತ್ರ ಇದೆ ಅಂತ ಒಬ್ಬ. ಟೆಂಟಲ್ಲಿದೆ ಅಂತ ಇನ್ನೊಬ್ಬ. ಟೆಂಟಲ್ಲಿ! ಮೋಸ ಹೋಗಿದ್ದು ಆಗ ಪೂರ್ತಿ ಅರ್ಥವಾಯಿತು. ಹೆದರಿಕೆಗಿಂತ ನಾಚಿಕೆ ಜಾಸ್ತಿ ಆಯಿತು. ಕೈಯಾರೆ ದುಡ್ಡು ಕೊಟ್ಟು ಇಲ್ಲಿ ನೇತಾಡ್ತಾ ಇದ್ದೀನಲ್ಲ ಅಂತ.

ಆಮೇಲೆ ಬಾವಿಯಿಂದ ಕೊಡ ಸೇದುವ ಹಾಗೆ ಎಲ್ಲರೂ ಸೇರಿ ಎಳೆದರು. ಹಗ್ಗ ಅಂಚಿನ ಹಿಮವನ್ನು ಕೊಯ್ದುಕೊಂಡು ಒಳಗೆ ಹೂತಿತು. ನನ್ನ ಹೆಲ್ಮೆಟ್ ಅಂಚಿನ ಅಡಿಗೆ ಹೋಗಿ ಬಡಿಯಿತು. ಎಳೆದಷ್ಟೂ ಅಲ್ಲೇ. ಕೊನೆಗೆ ಬೇರೆ ತಂಡದ ಇಬ್ಬರು ಲಡಾಖಿ ಗೈಡುಗಳು ಬಂದರು. ಒಂದು ಐಸ್ ಆಕ್ಸನ್ನು ಹಿಮದಲ್ಲಿ ಅಡ್ಡಡ್ಡ ಹೂತು ಆಂಕರ್, ಅಂದರೆ ಹಗ್ಗ ಕಟ್ಟೋಕೆ ಗಟ್ಟಿ ಆಧಾರ ಮಾಡಿದರು. ಇನ್ನೊಂದನ್ನು ಅಂಚಿನಲ್ಲಿಟ್ಟು ಅದರ ಮೇಲಿಂದ ಬೇರೆ ಹಗ್ಗ ಇಳಿಬಿಟ್ಟರು. ತಮ್ಮದೇ ಪುಲ್ಲಿ ಹಾಕಿ ಝಡ್ ಆಕಾರಕ್ಕೆ ಹಗ್ಗ ತಿರುಗಿಸಿ ಎಳೆದರು. ಮೇಲೆ ಬಂದೆ.

ಬೆಂಗಳೂರಿಗೆ ಬಂದು ಫೋನ್ ಮಾಡಿದರೆ ಉತ್ತರ ಕೇಳಿ. "ಅದು ಕ್ರೆವಾಸ್ ಅಲ್ಲ ಮೇಡಂ, ಚಿಕ್ಕ ಕ್ರ್ಯಾಕ್." "ಅಡ್ವೆಂಚರ್ ಅಂದ್ಮೇಲೆ ಇದೆಲ್ಲ ಇರುತ್ತೆ, ಫಾರ್ಮಿಗೆ ಸಹಿ ಹಾಕಿದೀರಲ್ಲ." "ಸೇಫಾಗಿ ಬಂದ್ರಲ್ಲ, ಮತ್ತೇನು?" ಕೊನೆಯದಂತೂ ಕೇಳಲೇಬೇಕು. "ನೀವು ಸ್ವಲ್ಪ ಹೆವಿ ಇದ್ದೀರ ಮೇಡಂ, ಅದಕ್ಕೇ ಎಳೆಯೋದು ಕಷ್ಟ ಆಯ್ತು." ನಾನು 68 ಕೆಜಿ. ಝಡ್ ಪುಲ್ಲಿ ಹಾಕಿದರೆ ಲೆಕ್ಕಕ್ಕೆ ಮೂರನೇ ಒಂದು ಭಾಗ ಬಲ ಸಾಕು. ಉಜ್ಜಾಟಕ್ಕೆ ಒಂದಷ್ಟು ಹೋದರೂ ಇಬ್ಬರು ಎಳೀತಾರೆ. ಎಳೆದರಲ್ಲ! ಪುಲ್ಲಿ ಟೆಂಟಲ್ಲಿ ಬಿಟ್ಟು ಬಂದವರು ನನ್ನ ತೂಕದ ಮಾತಾಡ್ತಾರೆ. ದುಡ್ಡು ವಾಪಸ್ ಕೇಳಿದ್ದಕ್ಕೆ ಮುಂದಿನ ಟ್ರೆಕ್‌ಗೆ 10% ಡಿಸ್ಕೌಂಟ್ ಕೂಪನ್ ಕಳಿಸಿದ್ದಾರೆ.

ಹೋಗಲೇಬೇಕು ಅನ್ನುವವರು ಪುಲ್ಲಿ ಎಷ್ಟಿವೆ, ಯಾರ ಬೆನ್ನಲ್ಲಿರುತ್ತವೆ ಅಂತ ಮೊದಲೇ ಬರೆಸಿಕೊಳ್ಳಿ. ನಿಜವಾಗಿ ಕಲಿಯಬೇಕಂದರೆ ಉತ್ತರಕಾಶಿ, ಮನಾಲಿ, ಡಾರ್ಜಿಲಿಂಗಿನ ಪರ್ವತಾರೋಹಣ ಸಂಸ್ಥೆಗಳಿವೆ. ಹತ್ತಿರ ಹತ್ತಿರ ಒಂದು ತಿಂಗಳು ರಜೆ ಬೇಕು, ಅದೇ ಕಷ್ಟ. ರಜೆ ಸಿಗದ ನಾನು ಹತ್ತೋದು ಗೊತ್ತಿರುವ ಗೆಳೆಯರ ಜೊತೆ ರಾಮನಗರದ ಬಂಡೆಯಲ್ಲಿ ಹಗ್ಗ ಇಳಿಬಿಟ್ಟು ಪ್ರೂಸಿಕ್ ಕಲಿತೆ. ಒಂದು ಗಂಟು ಸೊಂಟಕ್ಕೆ, ಒಂದು ಕಾಲಿಗೆ, ಒಂದಾದ ಮೇಲೊಂದು ಮೇಲಕ್ಕೆ ಸರಿಸೋದು. 6 ಮಿಲಿಮೀಟರ್ ದಾರ ಒಂದಿಂಚೂ ಜಾರಲಿಲ್ಲ. ಸಿಟ್ಟು ಇನ್ನೂ ಜಾಸ್ತಿ ಆಯಿತು.

ಆಕ್ಸ್ ಹಿಡಿದ ನನ್ನ ಫೋಟೋ ಅವರ ಜಾಹೀರಾತಲ್ಲಿ "ರೆಸ್ಕ್ಯೂ ಟ್ರೈನಿಂಗ್ ಪಡೆದ ನಮ್ಮ ಟ್ರೆಕ್ಕರ್" ಅಂತ ಈಗಲೂ ಓಡುತ್ತಿದೆ. ತೆಗೆಯಿರಿ ಅಂತ ಮೆಸೇಜ್ ಹಾಕಿದ್ದೇನೆ. ನೀಲಿ ಟಿಕ್ ಬಂದಿದೆ, ಉತ್ತರ ಬಂದಿಲ್ಲ.