ಹಾರ್ನೆಸ್ ಸೀಟೋ, ಬೂಸ್ಟರೋ?

ಮಗುವಿಗೆ ನಾಲ್ಕು ತುಂಬಿತು, ಇನ್ನು ಕಾರಿನಲ್ಲಿ ಹಾರ್ನೆಸ್ ಸೀಟು ಬಿಟ್ಟು ಬೂಸ್ಟರ್ ಸೀಟು ಸಾಕಲ್ಲವೇ ಎಂದು ಕೇಳುವವರಿಗೆ ನಾನು ಹೇಳುವುದಿಷ್ಟೇ: ವಯಸ್ಸು ನೋಡಬೇಡಿ, ಮಗುವಿನ ಹೆಗಲು ನೋಡಿ.

ಹಾರ್ನೆಸ್ ಸೀಟಿನಲ್ಲಿ ಸೀಟಿನದೇ ಪಟ್ಟಿಗಳು ಮಗುವನ್ನು ಹೆಗಲು, ಸೊಂಟ, ತೊಡೆಸಂದಿಯಲ್ಲಿ ಹಿಡಿದಿಡುತ್ತವೆ. ಬೂಸ್ಟರ್ ಮಗುವನ್ನು ಎತ್ತರಕ್ಕೆ ಕೂರಿಸುತ್ತದೆ, ಹಿಡಿಯುವುದು ಕಾರಿನ ಬೆಲ್ಟು. ಹಾಗಾಗಿ ಅದರಲ್ಲಿ ಮಗು ನೆಟ್ಟಗೆ ಕೂತಿರಲೇಬೇಕು. ನನ್ನ ಮಗಳನ್ನು ಅವಸರಪಟ್ಟು ಬೂಸ್ಟರಿಗೆ ಹಾಕಿದ್ದೆ. ಹಾಸನದ ದಾರಿಯಲ್ಲಿ ನಿದ್ದೆ ಹತ್ತಿ ಪಕ್ಕಕ್ಕೆ ವಾಲಿದಳು. ತಿರುಗಿ ನೋಡಿದರೆ ಬೆಲ್ಟು ಹೆಗಲಿನಿಂದ ಜಾರಿ ತೋಳಿನ ಮೇಲಿತ್ತು. ಊರಿಂದ ಬಂದ ಕೂಡಲೇ ಹಳೆಯ ಸೀಟನ್ನೇ ಮತ್ತೆ ಕಟ್ಟಿದೆ.

ಮಗುವಿನ ಹೆಗಲು, ಪಟ್ಟಿ ಹೊರಬರುವ ಅತಿ ಮೇಲಿನ ಕಿಂಡಿಯನ್ನು ದಾಟಿದರೆ, ಇಲ್ಲವೇ ಸೀಟಿನ ಲೇಬಲ್ಲಿನ ತೂಕ ಮೀರಿದರೆ ಹಾರ್ನೆಸ್ ಬಿಡಬೇಕು. ಹಲವು ಸೀಟುಗಳಿಗೆ ಆ ಮಿತಿ 18 ಕಿಲೋ. ಕೆಲವು ಇನ್ನೂ ಹೆಚ್ಚು ತಡೆಯುತ್ತವೆ. ಮಿತಿಯೊಳಗಿದ್ದರೆ ಹಾರ್ನೆಸ್ಸೇ ವಾಸಿ, ಮಗು ಎಷ್ಟೇ ಹಟ ಮಾಡಲಿ.

ಬೂಸ್ಟರ್ ಕೊಳ್ಳುವಾಗ ಬೆನ್ನೊರಗು ಇರುವುದನ್ನೇ ಆರಿಸಿ. ನಿದ್ದೆಯಲ್ಲಿ ತಲೆಗೆ ಆಸರೆ ಸಿಗುತ್ತದೆ. ಸೊಂಟದ ಬೆಲ್ಟು ಹೊಟ್ಟೆಯ ಮೇಲಲ್ಲ, ತೊಡೆಯ ಬುಡದಲ್ಲಿ ಕೂರಬೇಕು. ಮೇಲಿನದು ಕುತ್ತಿಗೆಗೆ ತಾಗದೆ ಹೆಗಲ ನಡುಭಾಗದ ಮೇಲೆ ಹಾಯಬೇಕು. ಹಳೆಯ ಕಾರುಗಳ ಹಿಂದಿನ ನಡುಸೀಟಿನಲ್ಲಿ ಬರೀ ಸೊಂಟದ ಬೆಲ್ಟು ಇರುತ್ತದೆ, ಅಲ್ಲಿ ಬೂಸ್ಟರ್ ಬೇಡವೇ ಬೇಡ. ಸುಮಾರು 145 ಸೆಂಟಿಮೀಟರ್ ಎತ್ತರವಾಗುವವರೆಗೂ ಬೂಸ್ಟರ್ ಬೇಕಾಗುತ್ತದೆ.