ಒಸಾಕಾದ ಎಂಜಾಯ್ ಇಕೋ ಕಾರ್ಡ್: ಒಂಟಿಯಾಗಿ ಊರು ಸುತ್ತುವವರಿಗೆ

ಒಸಾಕಾದಲ್ಲಿ ಒಂದು ಭಾನುವಾರ ಪೂರ್ತಿ ಒಬ್ಬಳೇ ಸುತ್ತಿದೆ. ಕೈಯಲ್ಲಿದ್ದದ್ದು 620 ಯೆನ್‌ನ ಎಂಜಾಯ್ ಇಕೋ ಕಾರ್ಡ್ (ವಾರದ ದಿನಗಳಲ್ಲಾದರೆ 820). ಸ್ಟೇಷನ್‌ನ ಟಿಕೆಟ್ ಮಷಿನ್‌ನಲ್ಲೇ ಸಿಗುತ್ತದೆ. ಒಸಾಕಾ ಮೆಟ್ರೋ, ಸಿಟಿ ಬಸ್ ಎರಡರಲ್ಲೂ ದಿನವಿಡೀ ಎಷ್ಟು ಸಲ ಬೇಕಾದರೂ ಹತ್ತಿ ಇಳಿಯಬಹುದು. ಮೆಟ್ರೋದ ಕನಿಷ್ಠ ದರವೇ 190 ಯೆನ್, ನಾಲ್ಕು ಸಲ ಹತ್ತಿದರೆ ಕೊಟ್ಟ ದುಡ್ಡು ಬಂದಂತೆ.

ಬೆಳಿಗ್ಗೆ ತಾನಿಮಾಚಿ ಲೈನ್ ಹಿಡಿದು ಶಿತೆನ್ನೋಜಿಗೆ ಹೋದೆ. 593ರಲ್ಲಿ ಶುರುವಾದ ಬೌದ್ಧ ದೇವಾಲಯ ಅದು, ಕಟ್ಟಡಗಳು ಮತ್ತೆ ಮತ್ತೆ ಕಟ್ಟಿದವು, ಆದರೂ ಅಂಗಳದಲ್ಲಿ ಸುಮ್ನೆ ಕೂತರೆ ಎದ್ದು ಬರಲು ಮನಸ್ಸೇ ಆಗುವುದಿಲ್ಲ, ಜೊತೆಗೆ ಯಾರೂ ಇಲ್ಲದ್ದರಿಂದ 'ಬೇಗ ನಡಿ' ಅನ್ನುವವರೂ ಇಲ್ಲ ಅಲ್ವಾ, ಒಂದು ಗಂಟೆ ಅಲ್ಲೇ ಕಳೆದೆ. ಆಮೇಲೆ ಅದೇ ಲೈನ್‌ನಲ್ಲಿ ಒಸಾಕಾ ಕೋಟೆಗೆ. ಈಗಿನ ಗೋಪುರ 1931ರ ಕಾಂಕ್ರೀಟಿನದು, ಒಳಗೆ ಲಿಫ್ಟ್ ಇದೆ. ನನಗೆ ಹೊರಗಿನ ಕಂದಕ, ದೊಡ್ಡ ದೊಡ್ಡ ಕಲ್ಲುಗಳ ಗೋಡೆಯೇ ಜಾಸ್ತಿ ಇಷ್ಟವಾಯಿತು.

ಸಂಜೆ ನಂಬಾ ಸ್ಟೇಷನ್‌ನಲ್ಲಿಳಿದು ದೋತೊಂಬೊರಿ, ಕಾಲುವೆ ಪಕ್ಕದ ಊಟ-ತಿಂಡಿಯ ಬೀದಿ. ಸಸ್ಯಾಹಾರಿಗಳು ಮೊದಲೇ ಕೇಳಿ, ತರಕಾರಿ ಅಂತ ಕಾಣುವ ಸಾರಿನಲ್ಲೂ ಮೀನಿನ ರಸ ಇರುತ್ತದೆ. ನಾನು ಹಾಗೇ ಒಂದು ಬಟ್ಟಲು ಬಿಟ್ಟು ಎದ್ದೆ.

ಜೆಆರ್ (ಜಪಾನ್ ರೈಲ್ವೇಸ್) ರೈಲುಗಳಲ್ಲಿ ಈ ಕಾರ್ಡ್ ನಡೆಯುವುದಿಲ್ಲ, ಊರನ್ನು ಸುತ್ತುವ ಜೆಆರ್‌ನ ಲೂಪ್ ಲೈನ್‌ಗೂ ಬೇರೆ ಟಿಕೆಟ್ ಬೇಕು. ಇನ್ನೊಂದು ಮಾತು, ಇಲ್ಲಿ ಎಸ್ಕಲೇಟರ್‌ನಲ್ಲಿ ಬಲಗಡೆ ನಿಲ್ಲುತ್ತಾರೆ, ಟೋಕಿಯೋದಲ್ಲಿ ಎಡಗಡೆ.