ತನ್ನ ಜಾಗಕ್ಕೆ ಮರಳಿದ 23 ಸೆಕೆಂಡಿನ ಹಾಡು: ‘ಆ್ಯಬಿ ರೋಡ್’ ಸುವರ್ಣ ಮಹೋತ್ಸವ ಆವೃತ್ತಿ

ಬೀಟಲ್ಸ್ ತಂಡದ ‘ಆ್ಯಬಿ ರೋಡ್’ ಆಲ್ಬಮನ್ನು ವರ್ಷಗಟ್ಟಲೆ ಕೇಳಿಕೊಂಡು ಬಂದವರಿಗೆ ಅದರ ಕೊನೆಯಲ್ಲಿರುವ ಒಂದು ವಿಚಿತ್ರ ಚೆನ್ನಾಗಿ ಗೊತ್ತಿರುತ್ತದೆ. ‘ದಿ ಎಂಡ್’ ಹಾಡು ಮುಗಿದು, ಹದಿನಾಲ್ಕು ಸೆಕೆಂಡಿನಷ್ಟು ಹೊತ್ತು ಏನೂ ಕೇಳಿಸದೆ, ಇನ್ನು ಎದ್ದು ಆರಿಸೋಣ ಎನ್ನುವಷ್ಟರಲ್ಲಿ ವಾದ್ಯಗಳೆಲ್ಲ ಒಟ್ಟಿಗೆ ನುಡಿದ ಒಂದೇ ಒಂದು ಹೊಡೆತ ಕಿವಿಗೆ ಬೀಳುತ್ತದೆ. ಅದರ ಬೆನ್ನಿಗೆ ತಂಡದ ಪಾಲ್ ಮೆಕಾರ್ಟ್ನಿ ಒಬ್ಬರೇ ಗಿಟಾರ್ ಹಿಡಿದು 23 ಸೆಕೆಂಡಿನ ‘ಹರ್ ಮ್ಯಾಜೆಸ್ಟಿ’ಯನ್ನು ಹಾಡುತ್ತಾರೆ, ಕೊನೆಯ ಸ್ವರ ಬರುವ ಮೊದಲೇ ಯಾರೋ ಕತ್ತರಿಸಿದಂತೆ ಹಾಡು ನಿಂತುಹೋಗುತ್ತದೆ. ಅಣ್ಣನ ಕ್ಯಾಸೆಟ್ಟಿನಲ್ಲಿ ಇದನ್ನು ಮೊದಲು ಕೇಳಿದಾಗ ನಾನು ಟೇಪು ಕೆಟ್ಟಿದೆ ಎಂದೇ ತಿಳಿದು, ಪೆನ್ಸಿಲ್ ತೂರಿಸಿ ರೀಲನ್ನು ಹಿಂದಕ್ಕೆ ಸುತ್ತಿ ಮತ್ತೆ ಮತ್ತೆ ಹಾಕಿ ನೋಡಿದ್ದೆ.

ಅದು ನಿಜಕ್ಕೂ ಕತ್ತರಿಸಿದ್ದೇ. 1969ರ ಜುಲೈ 30ರಂದು ಲಂಡನ್ನಿನ ಆ್ಯಬಿ ರೋಡ್ ಎಂಬ ಬೀದಿಯಲ್ಲಿದ್ದ ಇ.ಎಂ.ಐ. ಸ್ಟುಡಿಯೊದಲ್ಲಿ ಆಲ್ಬಮಿನ ಎರಡನೆಯ ಬದಿಯ ತುಂಡು ಹಾಡುಗಳನ್ನು ಪ್ರಯೋಗಕ್ಕೆಂದು ಒಂದಕ್ಕೊಂದು ಪೋಣಿಸಿದಾಗ, ಈ ಹಾಡು ‘ಮೀನ್ ಮಿಸ್ಟರ್ ಮಸ್ಟರ್ಡ್’ ಮತ್ತು ‘ಪಾಲಿಥೀನ್ ಪ್ಯಾಮ್’ ಹಾಡುಗಳ ನಡುವೆ ಇತ್ತು. ಮೆಕಾರ್ಟ್ನಿಯವರಿಗೆ ಅಲ್ಲಿ ಅದು ಹಿಡಿಸಲಿಲ್ಲ, ತೆಗೆದುಬಿಡಿ ಎಂದರು. ಬೀಟಲ್ಸ್‌ಗೆ ಸಂಬಂಧಿಸಿದ ಯಾವುದನ್ನೂ ಎಸೆಯಬಾರದೆಂಬ ಕಟ್ಟಪ್ಪಣೆ ಸ್ಟುಡಿಯೊದಲ್ಲಿದ್ದುದರಿಂದ, ಟೇಪು ನೋಡಿಕೊಳ್ಳುತ್ತಿದ್ದ ತರುಣ ಜಾನ್ ಕರ್ಲ್ಯಾಂಡರ್ ಆ ತುಂಡನ್ನು ಜೋಪಾನವಾಗಿ ಎತ್ತಿ, ನಡುವೆ ಸ್ವಲ್ಪ ಖಾಲಿ ಟೇಪು ಬಿಟ್ಟು, ರೀಲಿನ ತುದಿಗೆ ಅಂಟಿಸಿದರು. ಮುಂದೆ ಅದನ್ನು ಹಾಗೆಯೇ ಕೇಳಿದ ಮೆಕಾರ್ಟ್ನಿಯವರಿಗೆ ಆ ಆಕಸ್ಮಿಕವೇ ಮೆಚ್ಚುಗೆಯಾಯಿತು. ಆರಂಭದ ಆ ದೊಡ್ಡ ಹೊಡೆತ ‘ಮಸ್ಟರ್ಡ್’ ಹಾಡಿನ ಕೊನೆಯದು. ಕಾಣೆಯಾದ ಕೊನೆಯ ಸ್ವರ ‘ಪ್ಯಾಮ್’ ಹಾಡಿನ ಆರಂಭದ ಅಡಿಯಲ್ಲಿ ಹೂತುಹೋಗಿದೆ.

ಇದನ್ನೆಲ್ಲ ನಾನು ಎಷ್ಟೋ ವರ್ಷಗಳ ಹಿಂದೆಯೇ ಓದಿದ್ದೆ. ಆದರೆ ಆಲ್ಬಮಿನ ಐವತ್ತನೆಯ ವರ್ಷಕ್ಕೆಂದು 2019ರ ಸೆಪ್ಟೆಂಬರ್ 27ರಂದು ಹೊರಬಂದ ವಿಶೇಷ ಆವೃತ್ತಿಯ ಮೂರನೆಯ ಸಿ.ಡಿ.ಯಲ್ಲಿ, ‘ದ ಲಾಂಗ್ ಒನ್’ ಎಂಬ ಹೆಸರಿನಡಿ, ಜುಲೈ 30ರ ಆ ಪೋಣಿಸಿದ ಸರವನ್ನು ಕೇಳಿ, ಪುಟ್ಟ ಹಾಡು ತನ್ನ ಮೊದಲಿನ ಜಾಗದಲ್ಲಿ ಬಂದು, ತನ್ನ ಕೊನೆಯ ಸ್ವರವನ್ನೂ ಪಡೆದುಕೊಂಡು ಮುಂದಕ್ಕೆ ಸಾಗಿದಾಗ ಆದ ಸಂತೋಷವೇ ಬೇರೆ. ಮೆಕಾರ್ಟ್ನಿಯವರ ನಿರ್ಧಾರ ಸರಿಯಾಗಿಯೇ ಇತ್ತೆಂಬುದೂ ಆಗಲೇ ಅರಿವಾಯಿತು: ತಂಡದ ಜಾನ್ ಲೆನನ್ ಅವರ ಆ ಎರಡು ಒರಟು ಹಾಡುಗಳು ಒಂದರ ಹೆಗಲಿಗೆ ಇನ್ನೊಂದು ತಾಗಿಕೊಂಡು ಓಡಬೇಕಾದಲ್ಲಿ ಈ ನವಿರಾದ ಹಾಡು ಅಡ್ಡ ಬರುತ್ತದೆ. ಲೆನನ್ ಆ ಎರಡನ್ನೂ ಬರೆದದ್ದು 1968ರಲ್ಲಿ, ಋಷಿಕೇಶದ ಮಹರ್ಷಿ ಮಹೇಶ ಯೋಗಿಯವರ ಆಶ್ರಮದಲ್ಲಿದ್ದಾಗ.

ಈ ವಿಮರ್ಶೆ ಆವೃತ್ತಿಯ ದೊಡ್ಡ ಪೆಟ್ಟಿಗೆಯನ್ನು ಕುರಿತದ್ದು. ಅದರಲ್ಲಿ ಮೂರು ಸಿ.ಡಿ., ಒಂದು ಬ್ಲೂ-ರೇ, ನೂರು ಪುಟದ ಗಟ್ಟಿ ರಟ್ಟಿನ ಪುಸ್ತಕ ಇವೆ. ಮೊದಲ ಸಿ.ಡಿ.ಯಲ್ಲಿ 17 ಹಾಡುಗಳ ಹೊಸ ಧ್ವನಿಮಿಶ್ರಣವಿದ್ದು (ಬೇರೆ ಬೇರೆಯಾಗಿ ಮುದ್ರಿಸಿದ ಕಂಠ, ವಾದ್ಯಗಳನ್ನು ಹೊಸದಾಗಿ ಹದಗೊಳಿಸಿ ಸೇರಿಸಿದ್ದು), ಉಳಿದೆರಡರಲ್ಲಿ ಅಭ್ಯಾಸದ, ಪ್ರಯೋಗದ, ಮುದ್ರಣದ ನಡುವಿನ 23 ಧ್ವನಿಮುದ್ರಣಗಳಿವೆ. ಹೊಸ ಮಿಶ್ರಣ ಮಾಡಿದವರು ಮೂಲ ನಿರ್ಮಾಪಕ ಜಾರ್ಜ್ ಮಾರ್ಟಿನ್ ಅವರ ಮಗ ಜೈಲ್ಸ್ ಮಾರ್ಟಿನ್ ಮತ್ತು ಸ್ಯಾಮ್ ಓಕೆಲ್. ತಂದೆ 2016ರಲ್ಲಿ ತೀರಿಕೊಂಡಿದ್ದರು. ಆಲ್ಬಮಿನ ಧ್ವನಿಯನ್ನು ರೂಪಿಸಿದವರಲ್ಲಿ ಮುಖ್ಯರಾದ ಎಂಜಿನಿಯರ್ ಜೆಫ್ ಎಮೆರಿಕ್ 2018ರಲ್ಲಿ ತೀರಿಕೊಂಡರು. ಹಿರಿಯರಿಬ್ಬರೂ ಇಲ್ಲದ ಹೊತ್ತಿನಲ್ಲಿ ಅವರ ಕೆಲಸಕ್ಕೆ ಕೈಹಾಕುವುದು ಸಣ್ಣ ಹೊಣೆಯಲ್ಲ, ಆ ಹೊಣೆಯ ಅರಿವು ಹೊಸ ಮಿಶ್ರಣದಲ್ಲಿ ಉದ್ದಕ್ಕೂ ಕೇಳಿಸುತ್ತದೆ.

ಬೀಟಲ್ಸ್ ಈ ಆಲ್ಬಮಿಗೆ ಎಂಟು ಟ್ರ್ಯಾಕಿನ ಟೇಪನ್ನೂ, ಹಳೆಯ ವಾಲ್ವುಗಳ (ನಿರ್ವಾತ ಕೊಳವೆಗಳ) ಬದಲು ಟ್ರಾನ್ಸಿಸ್ಟರ್ ಇದ್ದ ಹೊಸ ಮಿಶ್ರಣ ಫಲಕವನ್ನೂ ಬಳಸಿದ್ದರು. ಹಿಂದಿನ ಆಲ್ಬಮುಗಳಿಗಿಂತ ಇದರ ನಾದ ದುಂಡಗೆ, ಮೆತ್ತಗೆ ಕೇಳಲು ಅದೂ ಒಂದು ಕಾರಣ. ಹೊಸ ಮಿಶ್ರಣ ಆ ಮೆದುತನವನ್ನು ಕೆಡಿಸಿಲ್ಲ. ‘ಕಮ್ ಟುಗೆದರ್’ನಲ್ಲಿ ಬೇಸ್ ಗಿಟಾರ್ ಮತ್ತು ರಿಂಗೊ ಸ್ಟಾರ್ ಅವರ ಡ್ರಮ್ಸ್ ಮೊದಲಿಗಿಂತ ಹತ್ತಿರ ಬಂದು ನಿಂತಿವೆ. ಲೆನನ್, ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್ ಮೂವರೂ ಸೇರಿ ಮೂರು ಸಲ ಹಾಡಿ ಒಂಬತ್ತು ಕಂಠಗಳಾಗಿಸಿದ ‘ಬಿಕಾಸ್’ ಹಾಡಿನಲ್ಲಿ ಈ ಕೆಲಸದ ಫಲ ಎದ್ದು ಕಾಣುತ್ತದೆ. ಹಳೆಯದರಲ್ಲಿ ಒಂದೇ ಮೋಡದಂತಿದ್ದ ಧ್ವನಿ ಇಲ್ಲಿ ಎಳೆ ಎಳೆಯಾಗಿ ಬಿಡಿಸಿಕೊಂಡು, ಯಾವ ಎಳೆ ಯಾರದೆಂದು ಗುರುತಿಸುವಷ್ಟು ತಿಳಿಯಾಗಿದೆ.

ಹಾಗಿದ್ದೂ ಈ ಪೆಟ್ಟಿಗೆಯ ಬಗ್ಗೆ ನನಗಿರುವ ಮುಖ್ಯ ತಕರಾರು ಇಲ್ಲಿಯೇ ಹುಟ್ಟುತ್ತದೆ. ಐವತ್ತು ವರ್ಷ ಲೋಕವೆಲ್ಲ ಕೇಳಿದ 1969ರ ಮೂಲ ಮಿಶ್ರಣವೇ ಇದರಲ್ಲಿ ಇಲ್ಲ. ಹಳೆಯ ಗುಡಿಯ ಜೀರ್ಣೋದ್ಧಾರ ಮಾಡುವವರು ಗೋಪುರಕ್ಕೆ ಬಣ್ಣ ಬಳಿಯಬಹುದು, ಸೋರುವ ಮಾಡನ್ನು ಸರಿಪಡಿಸಬಹುದು, ಗರ್ಭಗುಡಿಯ ಮೂಲವಿಗ್ರಹವನ್ನು ಮಾತ್ರ ಹೊರಗೆ ಇಡುವುದಿಲ್ಲ. ವಾರ್ಷಿಕೋತ್ಸವ ಯಾವುದರದ್ದೋ ಅದೇ ಉತ್ಸವದಲ್ಲಿ ಇಲ್ಲದಿರುವುದು ಸರಿಯೆನಿಸುವುದಿಲ್ಲ. ಹೊಸಬರು ಇದೊಂದನ್ನೇ ಕೊಂಡರೆ, ಎಮೆರಿಕ್ ಮತ್ತು ಅವರ ಸಂಗಡಿಗರು 1969ರ ಬೇಸಿಗೆಯಲ್ಲಿ ತಮ್ಮ ಕಿವಿಯನ್ನೇ ನಂಬಿ ಮಾಡಿದ ಆಯ್ಕೆಗಳನ್ನು ಹೋಲಿಸಿ ಕೇಳುವ ಅವಕಾಶವೇ ಅವರಿಗೆ ಸಿಗುವುದಿಲ್ಲ. ಎರಡನೆಯ, ಮೂರನೆಯ ಸಿ.ಡಿ.ಗಳಲ್ಲಿ ಬೇಕಾದಷ್ಟು ಜಾಗ ಖಾಲಿ ಉಳಿದಿರುವುದನ್ನು ನೋಡಿದರೆ ಈ ಕೊರತೆ ಇನ್ನಷ್ಟು ನೋಯಿಸುತ್ತದೆ.

ಆದರೆ ಆ ಎರಡು ಸಿ.ಡಿ.ಗಳಲ್ಲಿ ಇರುವುದು ಚಿನ್ನ. ಆ ವರ್ಷದ ಆರಂಭದಲ್ಲಿ ತಂಡದೊಳಗೆ ಬಿರುಕು ಬಿಟ್ಟಿತ್ತು. ಆಲ್ಬಮ್ ಅಂಗಡಿಗೆ ಬರುವ ಆರು ದಿನ ಮೊದಲು, ಸೆಪ್ಟೆಂಬರ್ 20ರಂದು, ಲೆನನ್ ತಾವು ಹೊರಟೆನೆಂದು ಜೊತೆಗಾರರಿಗೆ ತಿಳಿಸಿಯೂ ಆಗಿತ್ತು. ನಾಲ್ವರೂ ಒಟ್ಟಿಗೆ ಸ್ಟುಡಿಯೊದಲ್ಲಿದ್ದ ಕೊನೆಯ ದಿನ ಆಗಸ್ಟ್ 20. ಇಷ್ಟೆಲ್ಲ ಗೊತ್ತಿದ್ದು ಈ ಧ್ವನಿಮುದ್ರಣಗಳನ್ನು ಕೇಳಿದರೆ ಕಿವಿಗೆ ಬೀಳುವುದು ಜಗಳವಲ್ಲ, ಕಸುಬು. ಫೆಬ್ರವರಿಯಲ್ಲಿ ಸೋಹೊ ಬಡಾವಣೆಯ ಟ್ರೈಡೆಂಟ್ ಸ್ಟುಡಿಯೊದಲ್ಲಿ ‘ಐ ವಾಂಟ್ ಯು’ ನುಡಿಸುವಾಗ ಸದ್ದು ಹೆಚ್ಚಾಯಿತೆಂದು ನೆರೆಯವರಿಂದ ದೂರು ಬರುತ್ತದೆ, ಆ ಮಾತುಕತೆಯೂ ಇಲ್ಲಿದೆ. ದೂರು ಬಂದ ಮೇಲೂ ಒಮ್ಮೆ ಜೋರಾಗಿಯೇ ನುಡಿಸಿಬಿಡೋಣ ಎಂಬ ಹುಮ್ಮಸ್ಸಿನಲ್ಲಿ ಅತಿಥಿ ವಾದಕ ಬಿಲ್ಲಿ ಪ್ರೆಸ್ಟನ್ ಅವರ ಆರ್ಗನ್ ಕೊನೆಯಲ್ಲಿ ಉಕ್ಕಿ ಹರಿಯುತ್ತದೆ. ಮೆಕಾರ್ಟ್ನಿ ಎಲ್ಲ ವಾದ್ಯಗಳನ್ನೂ ತಾವೇ ನುಡಿಸಿ, ಬ್ಯಾಡ್‌ಫಿಂಗರ್ ಎಂಬ ಇನ್ನೊಂದು ತಂಡಕ್ಕೆ ಮಾದರಿಯಾಗಲೆಂದು ಮುದ್ರಿಸಿದ ‘ಕಮ್ ಅಂಡ್ ಗೆಟ್ ಇಟ್’ ಅಂತೂ ಸಿದ್ಧ ಹಾಡಿನಷ್ಟೇ ಅಚ್ಚುಕಟ್ಟಾಗಿದೆ.

ನಾನು ಎಲ್ಲಕ್ಕಿಂತ ಹೆಚ್ಚು ಸಲ ಕೇಳಿರುವುದು ‘ಹಿಯರ್ ಕಮ್ಸ್ ದ ಸನ್’ ಹಾಡಿನ ಒಂಬತ್ತನೆಯ ಪ್ರಯತ್ನವನ್ನು. ಗೆಳೆಯ ಎರಿಕ್ ಕ್ಲ್ಯಾಪ್ಟನ್ ಅವರ ತೋಟದಲ್ಲಿ, ಚಳಿಗಾಲ ಮುಗಿದ ಬಿಸಿಲಿನಲ್ಲಿ ಜಾರ್ಜ್ ಹ್ಯಾರಿಸನ್ ಕಟ್ಟಿದ ಈ ಹಾಡಿನ ಮುದ್ರಣ ಶುರುವಾದದ್ದು ಜುಲೈ 7ರಂದು. ರಿಂಗೊ ಅವರಿಗೆ ಅಂದು 29 ತುಂಬಿತ್ತು, ಸ್ಕಾಟ್ಲೆಂಡಿನಲ್ಲಿ ಕಾರಿನ ಅಪಘಾತವಾಗಿದ್ದ ಲೆನನ್ ಇನ್ನೂ ಬಂದಿರಲಿಲ್ಲ. ತಂತಿವಾದ್ಯಗಳು, ಮೂಗ್ ಸಿಂಥಸೈಜರ್ ಯಾವುದೂ ಇಲ್ಲದ ಈ ರೂಪದಲ್ಲಿ ಗಿಟಾರ್, ಬೇಸ್, ಡ್ರಮ್ಸ್‌ಗಳ ಎಲುಬಷ್ಟೇ ಇದೆ. ಹಾಡಿನ ನಡುಭಾಗದಲ್ಲಿ ಸೂರ್ಯನನ್ನು ಕರೆಯುವ ಸಾಲು ಮರಳಿ ಮರಳಿ ಬರುವಲ್ಲಿ ತಾಳ ಸರಳವಾಗಿ ನಾಲ್ಕನ್ನು ಹಿಡಿದು ನಡೆಯುವುದಿಲ್ಲ. ಮೂರರ ಗುಂಪುಗಳು ಒಂದರ ಹಿಂದೊಂದು ಬಿದ್ದು, ಲೆಕ್ಕ ತಪ್ಪಿತೇನೋ ಎನ್ನುವಾಗ ನಾಲ್ಕಕ್ಕೆ ಬಂದು ಸೇರುತ್ತವೆ. ಧಾರವಾಡದ ಕಡೆಯ ಬೈಠಕ್ಕುಗಳಲ್ಲಿ ತಿಹಾಯಿ (ಒಂದೇ ಗುಂಪನ್ನು ಮೂರು ಸಲ ನುಡಿಸಿ ಮುಗಿಸುವುದು) ಕೇಳಿದವರಿಗೆ, ನಮ್ಮ ಕಡೆಯ ರಾಮನವಮಿ ಕಛೇರಿಗಳಲ್ಲಿ ಮೃದಂಗದ ಮುಕ್ತಾಯಕ್ಕೆ ತೊಡೆಯ ಮೇಲೆ ತಾಳ ಹಾಕಿದವರಿಗೆ ಈ ನಡೆ ಹೊಸದೆನಿಸುವುದಿಲ್ಲ. ಪಂಡಿತ್ ರವಿಶಂಕರ್ ಅವರಲ್ಲಿ ಸಿತಾರ್ ಕಲಿತಿದ್ದ ಹ್ಯಾರಿಸನ್, ಸಿತಾರನ್ನು ಮುಟ್ಟದೆಯೇ ಆ ಕಲಿಕೆಯನ್ನು ಇಲ್ಲಿ ಬಳಸಿದ್ದಾರೆಂದು ನಾನು ದೃಢವಾಗಿ ನಂಬುತ್ತೇನೆ. ಸಿದ್ಧ ರೂಪದಲ್ಲಿ ಮೇಲಿನ ಅಲಂಕಾರಗಳ ಮರೆಯಲ್ಲಿರುವ ಈ ಲೆಕ್ಕಾಚಾರ ಇಲ್ಲಿ ಬೆರಳು ಮಡಿಸಿ ಎಣಿಸುವಷ್ಟು ಸ್ಪಷ್ಟವಾಗಿದೆ.

ಬ್ಲೂ-ರೇಯಲ್ಲಿ ಡಾಲ್ಬಿ ಅಟ್ಮಾಸ್, 5.1 ಸುತ್ತುಧ್ವನಿ ಮತ್ತು ಉನ್ನತ ಗುಣಮಟ್ಟದ ಸ್ಟೀರಿಯೊ ಇವೆ. ನನ್ನ ಮನೆಯಲ್ಲಿರುವುದು ಎರಡೇ ಸ್ಪೀಕರ್, ಆದ್ದರಿಂದ ನಾನು ಕೇಳಿರುವುದು ಸ್ಟೀರಿಯೊ ಒಂದನ್ನೇ. ಬರೀ ಎರಡು ಸ್ಪೀಕರ್ ಇರುವವರು ಬ್ಲೂ-ರೇಗೆಂದು ಈ ಪೆಟ್ಟಿಗೆಯನ್ನು ಕೊಳ್ಳಬೇಕಾಗಿಲ್ಲ.

ಪುಸ್ತಕವನ್ನು ಮಾತ್ರ ಯಾರೂ ಹಗುರವಾಗಿ ಕಾಣಬಾರದು. ಮೆಕಾರ್ಟ್ನಿಯವರ ಮುನ್ನುಡಿ, ಒಂದೊಂದು ಹಾಡಿನ ಹುಟ್ಟನ್ನೂ ದಿನಾಂಕ ಸಮೇತ ಹಿಂಬಾಲಿಸುವ ಕೆವಿನ್ ಹೌಲೆಟ್ ಅವರ ಬರವಣಿಗೆ, ಕೈಬರಹದ ಸಾಹಿತ್ಯ, ಟೇಪಿನ ಡಬ್ಬಿಗಳು, ಲಿಂಡಾ ಮೆಕಾರ್ಟ್ನಿ ತೆಗೆದ ಚಿತ್ರಗಳು ಇದರಲ್ಲಿವೆ. 1969ರ ಆಗಸ್ಟ್ 8ರ ಬೆಳಿಗ್ಗೆ, ಸ್ಟುಡಿಯೊದ ಬಳಿ ನಾಲ್ವರೂ ರಸ್ತೆ ದಾಟುವಾಗ, ಪೊಲೀಸರೊಬ್ಬರು ವಾಹನಗಳನ್ನು ತಡೆದು ನಿಲ್ಲಿಸಿದ್ದಾಗ ಛಾಯಾಗ್ರಾಹಕ ಇಯಾನ್ ಮ್ಯಾಕ್‌ಮಿಲನ್ ಏಣಿ ಹತ್ತಿ ತೆಗೆದದ್ದು ಆರೇ ಚಿತ್ರಗಳು. ಅವುಗಳಲ್ಲೊಂದು ಹೊದಿಕೆಯಾಗಿ, ಆ ಸಾಧಾರಣ ರಸ್ತೆದಾಟು ಲೋಕಪ್ರಸಿದ್ಧವಾಗಿ, 2010ರಲ್ಲಿ ಬ್ರಿಟನ್ನಿನ ಸಂರಕ್ಷಿತ ಸ್ಥಳಗಳ ಪಟ್ಟಿಗೂ ಸೇರಿತು.

ಈ ಆವೃತ್ತಿ ಬಂದಾಗ ಆಲ್ಬಮ್ ಬ್ರಿಟನ್ನಿನ ಮಾರಾಟ ಪಟ್ಟಿಯಲ್ಲಿ ಮತ್ತೆ ಮೊದಲ ಸ್ಥಾನಕ್ಕೇರಿತು. ಅದು ಹಿಂದೆ ಆ ಸ್ಥಾನದಿಂದ ಇಳಿದು 49 ವರ್ಷ 252 ದಿನ ಕಳೆದಿದ್ದವು. ಕೊಳ್ಳಬೇಕೆನ್ನುವವರಿಗೆ ನನ್ನ ಸಲಹೆ ಇಷ್ಟು. ಆಲ್ಬಮನ್ನು ಮೊದಲ ಸಲ ಕೇಳುವವರು ಹಳೆಯ ಮಿಶ್ರಣವಿರುವ ಒಂಟಿ ಸಿ.ಡಿ.ಯನ್ನೇ ಹುಡುಕಿ ಕೇಳಲಿ. ಅದನ್ನು ಬಾಯಿಪಾಠ ಮಾಡಿಕೊಂಡವರಿಗೆ, ಹೊಸ ಮಿಶ್ರಣದ ಜೊತೆಗೆ ಅದೇ 17 ಹಾಡುಗಳ ಪ್ರಯತ್ನರೂಪಗಳನ್ನು ಆಲ್ಬಮಿನ ಅನುಕ್ರಮದಲ್ಲಿಯೇ ಜೋಡಿಸಿರುವ ಎರಡು ಸಿ.ಡಿ.ಗಳ ಸಣ್ಣ ಆವೃತ್ತಿ ಸಾಕಾಗಬಹುದು. ದೊಡ್ಡ ಪೆಟ್ಟಿಗೆಗೆ ಹಣ ಹಾಕಬೇಕಾದವರು ಜುಲೈ 30ರ ಆ ಸರವನ್ನು ಇಡಿಯಾಗಿ ಕೇಳಲೇಬೇಕೆನ್ನುವವರು, ಮತ್ತು ‘ಸಮ್‌ಥಿಂಗ್’ ಹಾಡಿಗೆ ಜಾರ್ಜ್ ಮಾರ್ಟಿನ್ ಬರೆದ ತಂತಿವಾದ್ಯಗಳ ಭಾಗವನ್ನು, ಹಾಡುಗಾರನೂ ಗಿಟಾರೂ ಇಲ್ಲದೆ, ಅದೊಂದನ್ನೇ ಕೇಳುವ ಆಸೆ ಇರುವವರು. ನಾನು ಅದನ್ನು ರಾತ್ರಿ ಊಟವಾದ ಮೇಲೆ, ಬೀದಿಯ ಗದ್ದಲ ಅಡಗಿದ ಹೊತ್ತಿನಲ್ಲಿ ಹಾಕುತ್ತೇನೆ. ಪಿಟೀಲುಗಳು ಸುಮ್ಮನಾಗುವ ಕಡೆಗಳಲ್ಲಿ ಹ್ಯಾರಿಸನ್ ಅವರ ಸಾಲು ತಾನಾಗಿ ಬಾಯಿಗೆ ಬರುತ್ತದೆ.